ಓದುಗರ ಪ್ರಶ್ನೆ: ಮಿತ್ರನ ಸೇನೆ, ನಮ್ಮ ನೆಲ

ಪ್ರ: 2020ರಲ್ಲಿ ಕೊರೊನಾ ಕಾಲಕ್ಕೆ ಕರ್ನಾಟಕವು ಕೇರಳ ಗಡಿಯ ತಲಪಾಡಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಕಂಗಾಲಾದೆವು. ಬಲವಿದ್ದವನ ಮುಂದೆ ಚಿಕ್ಕವನ ಮಾತು ನಡೆಯದು ಅನ್ನಿಸಿತ್ತು. ದೇಶದೇಶಗಳ ನಡುವೆಯೂ ಹೀಗೆಯೇ? 'ನಿಮ್ಮ ನೆಲದ ಉಗ್ರರನ್ನು ನೀವು ಹಿಡಿಯಿರಿ, ಇಲ್ಲದಿದ್ದರೆ ನಾವೇ ಬರುತ್ತೇವೆ' ಎಂದು ದೊಡ್ಡ ಮಿತ್ರರಾಷ್ಟ್ರ ಹೇಳಿದರೆ ಸಣ್ಣ ದೇಶ ಏನು ಮಾಡಬೇಕು?
(ಮಂಜೇಶ್ವರದ ಓದುಗರು)

ಉ: ತಲಪಾಡಿಯ ವಿಷಯದಲ್ಲಿ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಲು ದಾರಿ ಇತ್ತು. ದೇಶಗಳಿಗೆ ಅಂಥ ಮೇಲಿನ ಕೋರ್ಟಿಲ್ಲ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕೇಸು ನಡೆಯಬೇಕಾದರೆ ಎದುರಾಳಿಯೂ ಅದರ ಅಧಿಕಾರವನ್ನು ಒಪ್ಪಿರಬೇಕು. ಭದ್ರತಾ ಮಂಡಳಿಗೆ ಹೋದರೆ ಅಮೆರಿಕ, ರಷ್ಯಾ, ಚೀನಾಗಳ ಕೈಯಲ್ಲಿ ವಿಟೊ ಇದೆ.

ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಇನ್ನೊಂದು ದೇಶದ ಮೇಲೆ ಬಲಪ್ರಯೋಗ ಕೂಡದು ಎನ್ನುತ್ತದೆ. 51ನೇ ವಿಧಿ ಆತ್ಮರಕ್ಷಣೆಯ ಹಕ್ಕು ಕೊಡುತ್ತದೆ. 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿ ಅಂಗೀಕರಿಸಿದ 1373ನೇ ನಿರ್ಣಯ, ಉಗ್ರರಿಗೆ ಹಣವೂ ಆಶ್ರಯವೂ ಸಿಗದಂತೆ ನೋಡುವ ಹೊಣೆಯನ್ನು ಎಲ್ಲ ದೇಶಗಳ ಮೇಲೂ ಹೊರಿಸಿತು. ಹಾಗಾಗಿ 'ಇದು ನಮ್ಮ ನೆಲ' ಎಂದು ಹೇಳಿ ಕೈಕಟ್ಟಿ ಕೂತರೆ ಆಗುವುದಿಲ್ಲ. 'ಅವರಿಗೆ ಮನಸ್ಸಿಲ್ಲ, ಇಲ್ಲವೇ ಕೈಲಾಗುವುದಿಲ್ಲ' ಎಂಬ ವಾದ ಹೂಡಿ, 51ನೇ ವಿಧಿಯ ಹೆಸರಿನಲ್ಲಿ ದೊಡ್ಡವರು ಒಳಗೆ ಬರುತ್ತಾರೆ. ಈ ವಾದವನ್ನು ಒಪ್ಪದ ದೇಶಗಳು ಬಹಳ ಇವೆ, ಆದರೆ ಅವು ಒಪ್ಪಲಿಲ್ಲವೆಂದು ಡ್ರೋನ್ ಹಿಂದಿರುಗುವುದಿಲ್ಲ. ಆ ವಾದಕ್ಕೆ ಆಸ್ಪದವೇ ಕೊಡದಂತೆ ಕೆಲಸವನ್ನು ತಾನೇ ಮಾಡಿ ಮುಗಿಸುವುದೇ ಸಣ್ಣ ದೇಶಕ್ಕಿರುವ ಗಟ್ಟಿ ದಾರಿ.

ಇದನ್ನು ಮಾಡಿ ತೋರಿಸಿದ್ದು ಭೂತಾನ್. ಒತ್ತಡ ಹಾಕುತ್ತಿದ್ದ ದೊಡ್ಡ ಮಿತ್ರ ನಮ್ಮ ಭಾರತವೇ. 1990ರ ದಶಕದಲ್ಲಿ ಅಸ್ಸಾಮಿನ ಉಲ್ಫಾ, ಬೋಡೊಗಳ ಎನ್‌ಡಿಎಫ್‌ಬಿ, ಆಮೇಲೆ ಉತ್ತರ ಬಂಗಾಳದ ಕೆಎಲ್‌ಒ ಉಗ್ರರು ದಕ್ಷಿಣ ಭೂತಾನಿನ ಕಾಡು ಹೊಕ್ಕು ಶಿಬಿರ ಹೂಡಿದರು. ಭೂತಾನ್ ಭಾರತದ ಸೇನೆಯನ್ನು ಒಳಗೆ ಬಿಡಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಉಗ್ರರ ಜತೆ ವರ್ಷಗಟ್ಟಲೆ ಮಾತುಕತೆ ನಡೆಸಿತು, ಅದರ ಪ್ರಗತಿಯನ್ನು ರಾಷ್ಟ್ರೀಯ ಸಭೆಯಲ್ಲಿ ಚರ್ಚೆಗಿಟ್ಟಿತು. 2001ರ ಜೂನ್‌ನಲ್ಲಿ ಉಲ್ಫಾ ನಾಲ್ಕು ಶಿಬಿರ ಮುಚ್ಚುವುದಾಗಿ ಒಪ್ಪಿತು, ಆದರೆ ಮುಚ್ಚಿದವರು ಕಾಡಿನಲ್ಲೇ ಇನ್ನೊಂದು ಕಡೆ ಬೀಡುಬಿಟ್ಟರು. ಕೊನೆಗೆ 2003ರ ಡಿಸೆಂಬರ್ 15ರಂದು ಭೂತಾನಿನ ಸೇನೆ 30 ಶಿಬಿರಗಳ ಮೇಲೆ ಒಟ್ಟಿಗೆ ದಾಳಿ ಮಾಡಿತು: ಉಲ್ಫಾದ 13, ಎನ್‌ಡಿಎಫ್‌ಬಿಯ 12, ಕೆಎಲ್‌ಒದ 5. ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಸ್ವತಃ ರಣರಂಗದಲ್ಲಿದ್ದರು. ನಮ್ಮ ಸೇನೆ ಗಡಿಯ ಈಚೆ ನಿಂತು ಓಡಿಬಂದವರನ್ನು ತಡೆಯಿತು.

ಇಲ್ಲಿ ಗಮನಿಸಬೇಕಾದ್ದು ಕೆಲಸ ಹಂಚಿಕೊಂಡ ಬಗೆ. ಒಂದೇ ಕಡೆಯಿಂದ ಬಡಿದರೆ ಉಗ್ರರು ಗಡಿ ದಾಟಿ, ಸದ್ದಡಗಿದ ಮೇಲೆ ವಾಪಸು ಬರುತ್ತಾರೆ. ಅದಕ್ಕೇ ಭೂತಾನ್ ಗಡಿ ಮುಚ್ಚುವ ಕೆಲಸ ಮಿತ್ರನಿಗೆ ಬಿಟ್ಟಿತು, ದಿನ ಗೊತ್ತುಮಾಡುವ ಮತ್ತು ಗುಂಡು ಹಾರಿಸುವ ಅಧಿಕಾರ ತನ್ನಲ್ಲೇ ಇಟ್ಟುಕೊಂಡಿತು. ಸೆರೆಸಿಕ್ಕವರನ್ನು ಭಾರತಕ್ಕೆ ಒಪ್ಪಿಸಿತು. ಉಗ್ರರಿಗೆ ನೆರವಾಗಿದ್ದ ತನ್ನ ಪ್ರಜೆಗಳನ್ನು ತನ್ನ ಕೋರ್ಟಿನಲ್ಲೇ ವಿಚಾರಿಸಿತು. ಥಿಂಪುವಿನಿಂದ ಪುನಾಖಾಕ್ಕೆ ಹೋಗುವ ದಾರಿಯಲ್ಲಿ ದೋಚುಲಾ ಕಣಿವೆಮಾರ್ಗದ 108 ಚೋರ್ಟೆನ್‌ಗಳ (ಬೌದ್ಧ ಸ್ತೂಪಗಳ) ಮುಂದೆ ನಮ್ಮ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅವು ಈ ಕಾರ್ಯಾಚರಣೆಯ ನೆನಪಿಗೆ ಕಟ್ಟಿದವು.

ಪ್ರ: ಪಾಕಿಸ್ತಾನ ಅಮೆರಿಕದ ಡ್ರೋನಿಗೆ ಒಳಗೊಳಗೆ ಒಪ್ಪಿಗೆ ಕೊಟ್ಟು ಹೊರಗೆ ಬೊಬ್ಬೆ ಹಾಕಿತು ಎನ್ನುತ್ತಾರೆ. ಹಾಗೆ ಮಾಡಿದರೆ ನಷ್ಟವೇನು?
(ಆದೋನಿಯ ಓದುಗರು)

ಉ: ಗುಟ್ಟಾಗಿ ಕೊಟ್ಟ ಒಪ್ಪಿಗೆಗೆ ಮಿತಿ ಹಾಕಲೂ ಆಗದು, ಅದನ್ನು ಹಿಂಪಡೆಯಲೂ ಆಗದು. ಕೊಟ್ಟೇ ಇಲ್ಲ ಎಂದು ಜನರಿಗೆ ಹೇಳಿ ಆಗಿರುತ್ತದಲ್ಲ! 2004ರ ಜೂನ್‌ನಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ಉಗ್ರರ ಮುಖಂಡ ನೇಕ್ ಮುಹಮ್ಮದ್ ಅಮೆರಿಕದ ಕ್ಷಿಪಣಿಗೆ ಸತ್ತಾಗ ಅದು ತನ್ನದೇ ದಾಳಿ ಎಂದು ಪಾಕ್ ಸೇನೆ ಹೇಳಿಕೊಂಡಿತು. ಕೆಲವು ದಾಳಿಗಳಿಗೆ ಒಪ್ಪಿಗೆ ಕೊಟ್ಟಿದ್ದು ನಿಜ ಎಂದು ಮುಷರಫ್ ಬಾಯಿಬಿಟ್ಟದ್ದು 2013ರಲ್ಲಿ. ಅಷ್ಟರಲ್ಲಿ ದಾಳಿಗಳು ನೂರಾರು ಆಗಿದ್ದವು. ಸತ್ತ ಹಳ್ಳಿಗರ ಮನೆಯವರು ಪರಿಹಾರಕ್ಕೆ ಯಾರ ಬಾಗಿಲು ಬಡಿಯಬೇಕು? ಇಬ್ಬರಲ್ಲಿ ಯಾರೂ 'ಇದು ನಮ್ಮ ನಿರ್ಧಾರ' ಎನ್ನಲಿಲ್ಲ. ಗುಟ್ಟಿನ ಒಪ್ಪಂದದಲ್ಲಿ ನಮಗೆ ತೀರಾ ಅನ್ಯಾಯವಾಗಿ ಕಾಣುವುದು ಇದೇ.

ಬಲೂಚಿಸ್ತಾನದ ಶಮ್ಸಿ ವಿಮಾನನೆಲೆಯನ್ನೇ ನೋಡಿ. ಗಿಡುಗ ಬಿಟ್ಟು ಬೇಟೆಯಾಡಲು ಬರುವ ಅರಬ್ ಶ್ರೀಮಂತರಿಗಾಗಿ 1992ರಲ್ಲಿ ಅದನ್ನು ಯುಎಇಗೆ ಕೊಟ್ಟಿದ್ದರು. 2001ರ ನಂತರ ಅಲ್ಲಿ ಅಮೆರಿಕ ಬಂದು ಕೂತಿತು. 2011ರ ನವೆಂಬರ್ 26ರಂದು ಸಲಾಲಾ ಠಾಣೆಗಳ ಮೇಲೆ ನ್ಯಾಟೊ ವಿಮಾನಗಳು ಎರಗಿ 24 ಪಾಕ್ ಯೋಧರು ಸತ್ತ ಮೇಲೆ, 15 ದಿನದೊಳಗೆ ಶಮ್ಸಿ ಖಾಲಿ ಮಾಡಿ ಎಂದಿತು ಪಾಕಿಸ್ತಾನ. ಡಿಸೆಂಬರ್ 11ಕ್ಕೆ ಖಾಲಿಯಾಯಿತು. ತೋರ್ಖಮ್, ಚಮನ್ ಮೂಲಕ ಅಫ್ಘಾನಿಸ್ತಾನಕ್ಕೆ ಹೋಗುತ್ತಿದ್ದ ನ್ಯಾಟೊ ಲಾರಿಗಳನ್ನು ಏಳು ತಿಂಗಳು ತಡೆಹಿಡಿಯಿತು. ಉತ್ತರದ ಸುತ್ತುದಾರಿಯಿಂದ ತಿಂಗಳಿಗೆ 10 ಕೋಟಿ ಡಾಲರ್ ಹೆಚ್ಚು ಖರ್ಚು ಬೀಳುತ್ತಿದೆ ಎಂದು ಅಮೆರಿಕದ ರಕ್ಷಣಾ ಸಚಿವ ಪನೆಟ್ಟಾ ಹೇಳಿದರು. 2012ರ ಜುಲೈಯಲ್ಲಿ ಹಿಲರಿ ಕ್ಲಿಂಟನ್ ವಿಷಾದ ವ್ಯಕ್ತಪಡಿಸಿದ ಮೇಲೆ ದಾರಿ ತೆರೆಯಿತು. ಲಾರಿ ಹೋಗುವ ದಾರಿ ಎಲ್ಲರ ಕಣ್ಣಿಗೆ ಕಾಣುವಂಥದ್ದು, ಅದನ್ನು ಮುಚ್ಚಿ ಪಟ್ಟು ಹಿಡಿಯಲು ಆಯಿತು. ಆದರೆ ಡ್ರೋನ್ ದಾಳಿ ಆಮೇಲೂ ಮುಂದುವರಿಯಿತು.

ಪ್ರ: ಹಾಗಾದರೆ ಮಿತ್ರನ ಸೇನೆಯನ್ನು ಕರೆಯಲೇಬೇಕಾಗಿ ಬಂದರೆ ಒಪ್ಪಂದದಲ್ಲಿ ಏನೇನು ಬರೆಸಬೇಕು?
(ತಾಳವಾಡಿಯ ಓದುಗರು)

ಉ: ಇರಾಕ್ 2008ರ ನವೆಂಬರ್‌ನಲ್ಲಿ ಅಮೆರಿಕದ ಜತೆ ಮಾಡಿಕೊಂಡ ಒಪ್ಪಂದವನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. 2009ರ ಜೂನ್ 30ರೊಳಗೆ ಊರುಗಳಿಂದ, 2011ರ ಡಿಸೆಂಬರ್ 31ರೊಳಗೆ ದೇಶದಿಂದಲೇ ಹೊರಡಬೇಕು ಎಂದು ತಾರೀಖು ಹಾಕಿತ್ತು. ಇರಾಕ್ ಒಪ್ಪದೆ ಕಾರ್ಯಾಚರಣೆ ಇಲ್ಲ, ಇರಾಕಿನ ನೆಲದಿಂದ ಬೇರೆ ದೇಶದ ಮೇಲೆ ದಾಳಿ ಇಲ್ಲ. ಅಮೆರಿಕದ ಗುತ್ತಿಗೆದಾರ ಕಾವಲುಗಾರರು ತಪ್ಪು ಮಾಡಿದರೆ ವಿಚಾರಣೆ ಇರಾಕಿ ಕೋರ್ಟಿನಲ್ಲಿ. 2007ರಲ್ಲಿ ಬಾಗ್ದಾದಿನ ನಿಸೂರ್ ವೃತ್ತದಲ್ಲಿ ಅಂಥ ಕಾವಲುಗಾರರ ಗುಂಡಿಗೆ 17 ನಾಗರಿಕರು ಸತ್ತಿದ್ದರು, ಆ ಷರತ್ತಿನ ಹಿಂದೆ ಆ ನೋವಿತ್ತು. ಇದೆಲ್ಲವನ್ನೂ ಸಂಸತ್ತಿನ ಮುಂದಿಟ್ಟು ಮತ ಹಾಕಿಸಿದರು. 2011ರಲ್ಲಿ, ಉಳಿದುಕೊಳ್ಳುವ ಸೈನಿಕರಿಗೆ ಕಾನೂನು ರಕ್ಷಣೆ ಕೊಡಲು ಇರಾಕ್ ಸಿದ್ಧವಾಗಲಿಲ್ಲ, ಅಮೆರಿಕ ಗಡುವಿನೊಳಗೆ ಹೊರಟಿತು.

2014ರಲ್ಲಿ ಐಎಸ್ ಮೊಸುಲ್ ಹಿಡಿದಾಗ ಇರಾಕ್ ಮತ್ತೆ ಕರೆಯಿತು, ಈ ಸಲ ಅವಸರದಲ್ಲಿ, ಬರೀ ಪತ್ರದ ಮೇಲೆ. ಹೊರಡುವ ತಾರೀಖು ಇರಲಿಲ್ಲ. 2020ರ ಜನವರಿ 5ರಂದು ವಿದೇಶಿ ಪಡೆಗಳು ಹೋಗಲಿ ಎಂದು ಸಂಸತ್ತು ನಿರ್ಣಯ ಮಾಡಿದಾಗ ಟ್ರಂಪ್ ನಿರ್ಬಂಧ ಹೇರುವ ಬೆದರಿಕೆ ಹಾಕಿದರು, ಸೇನೆ ಉಳಿಯಿತು. ನೋಟಿಸ್ ಅವಧಿಯನ್ನೂ ಬರೆಸಿ. ಅಮೆರಿಕದ ಜತೆಗಿನ ಫಿಲಿಪ್ಪೀನ್ಸ್‌ನ ಒಪ್ಪಂದದಲ್ಲಿ ಅದು 180 ದಿನ. 2020ರ ಫೆಬ್ರವರಿಯಲ್ಲಿ ಅಲ್ಲಿನ ಆಗಿನ ಅಧ್ಯಕ್ಷ ಡುಟರ್ಟೆ ರದ್ದತಿಯ ನೋಟಿಸ್ ಕೊಟ್ಟರು, ಅವಧಿಯನ್ನು ಮುಂದೂಡುತ್ತಾ ಚೌಕಾಶಿ ನಡೆಸಿ 2021ರ ಜುಲೈಯಲ್ಲಿ ಅದನ್ನು ಹಿಂಪಡೆದರು.

ಪ್ರ: 26/11ರ ಸಂಚುಕೋರ ಹೆಡ್ಲಿಯನ್ನು ಅಮೆರಿಕ ನಮಗೆ ಯಾಕೆ ಒಪ್ಪಿಸಲಿಲ್ಲ?
(ಅಕ್ಕಲಕೋಟೆಯ ಓದುಗರು)

ಉ: 2010ರ ಮಾರ್ಚ್‌ನಲ್ಲಿ ತಪ್ಪೊಪ್ಪಿಕೊಳ್ಳುವಾಗಲೇ, ತನ್ನನ್ನು ಭಾರತಕ್ಕೆ ಕಳಿಸಕೂಡದು ಎಂಬ ಷರತ್ತನ್ನು ಆತ ಬರೆಸಿಕೊಂಡ. ಎನ್‌ಐಎ ಅಧಿಕಾರಿಗಳು ಆ ಜೂನ್‌ನಲ್ಲಿ ಷಿಕಾಗೊಗೆ ಹೋಗಿ ಪ್ರಶ್ನಿಸಿದರು, 2016ರಲ್ಲಿ ಮುಂಬೈ ಕೋರ್ಟಿಗೆ ವಿಡಿಯೊ ಮೂಲಕ ಸಾಕ್ಷಿ ಹೇಳಿದ. ಅವನ ಜತೆಗಾರ ತಹವ್ವುರ್ ರಾಣಾ ಹಾಗೆ ತಪ್ಪೊಪ್ಪಿಕೊಂಡಿರಲಿಲ್ಲ. 1997ರ ಗಡೀಪಾರು ಒಪ್ಪಂದದ ಪ್ರಕಾರ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ನಡೆದು, 2025ರ ಏಪ್ರಿಲ್ 10ರಂದು ಅವನನ್ನು ದೆಹಲಿಗೆ ಕರೆತಂದರು.