ಕಂಪ್ರೆಸರ್ ಕೊಳ್ಳುವ ಮೊದಲು ಫ್ಯಾನ್ ನೋಡಿ

ಗಾಡಿ ಓಡುವಾಗ ಎಸಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ, ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ (ಎಸಿ ಗ್ಯಾಸ್ ಒತ್ತಿ ತಳ್ಳುವ ಪಂಪ್) ಹಾಕಿಸಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಇಲ್ಲಿ ಮೊದಲ ಅನುಮಾನ ಕಂಡೆನ್ಸರ್ ಫ್ಯಾನ್ ಮೇಲೆ. ಕಂಡೆನ್ಸರ್ ಅಂದರೆ ಎಸಿ ಗ್ಯಾಸ್‌ನ ಬಿಸಿ ಹೊರಹಾಕುವ ಜಾಲರಿ; ಗಾಡಿ ನಿಂತಾಗ ಅದಕ್ಕೆ ಗಾಳಿ ಕೊಡುವುದು ಈ ಫ್ಯಾನ್. ಎಸಿ ಆನ್ ಮಾಡಿ, ಬಾನೆಟ್ ಎತ್ತಿ ನೋಡಿ. ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ಚೆಕ್ ಮಾಡಿಸಿ. ತಿರುಗುತ್ತಿದ್ದರೆ ಕಂಡೆನ್ಸರ್‌ಗೆ ಮಣ್ಣು ಕಟ್ಟಿದೆಯಾ ನೋಡಿ, ಆಮೇಲೆ ಗ್ಯಾಸ್ ಪ್ರೆಶರ್ ಅಳೆಯುವ ಗೇಜ್ ಹಾಕಿಸಿ. ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) ಪ್ರೆಶರ್ ಜಾಸ್ತಿ, ಹೈ ಸೈಡ್ (ಹೊರಹೋಗುವ ಕಡೆ) ಕಡಿಮೆ ಇದ್ದರೆ ಆಗ ಕಂಪ್ರೆಸರ್ ಮಾತು.

ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಕಾದರೆ ಪಾರ್ಟ್ ನಂಬರ್ ಸರಿಹೊಂದಬೇಕು. ಪೈಪ್ ಕೂರುವ ತೂತುಗಳು ತೆರೆದೇ ಬಿದ್ದಿದ್ದರೆ ಬೇಡ, ಒಳಗೆ ತೇವ ಸೇರಿರುತ್ತದೆ. ಬಗ್ಗಿಸಿ ಸ್ವಲ್ಪ ಆಯಿಲ್ ಬಿಳಿ ಬಟ್ಟೆಗೆ ಬೀಳಿಸಿ. ಕಪ್ಪಗಿದ್ದು ಲೋಹದ ಪುಡಿ ಮಿನುಗಿದರೆ ಸುಮ್ನೆ ವಾಪಸ್ ಕೊಡಿ. ರಿಸೀವರ್ ಡ್ರೈಯರ್ (ಗ್ಯಾಸ್‌ನ ತೇವ ಹೀರುವ ಡಬ್ಬಿ), ಓ-ರಿಂಗ್ (ಪೈಪ್ ಜೋಡಣೆಯ ರಬ್ಬರ್ ಉಂಗುರ) ಮಾತ್ರ ಹೊಸದೇ ಹಾಕಿಸಿ.