ಶಂಖದ ಹುಳು: ಔಷಧಿಗೆ ಕಾಯಬೇಡಿ ಅಣ್ಣಾ

ಅಣ್ಣಾ, ಗೊಬ್ಬರದ ಗುಂಡಿ ಹತ್ತಿರ ನಾಲ್ಕು ಆಫ್ರಿಕನ್ ಶಂಖದ ಹುಳು ಸಿಕ್ಕಿವೆ, ನಾಲ್ಕೇ ಅಲ್ವಾ ಅಂದಿದ್ದೀರಿ. ವಿಜ್ಞಾನಿಗಳು ಇದರ ಜೀನೋಮ್, ಅಂದರೆ ಜೀವಕೋಶದೊಳಗಿನ ಇಡೀ ಡಿಎನ್‌ಎ ಬರಹ, ಪೂರ್ತಿ ಓದಿದ್ದಾರಂತೆ, ಔಷಧಿ ಬರೋವರೆಗೆ ಕಾಯೋಣವಾ ಅಂತಲೂ ಕೇಳಿದ್ದೀರಿ. ಕಾಯಬೇಡಿ. ಇವತ್ತು ಸಂಜೆಯೇ ಟಾರ್ಚ್ ಹಿಡಿದು ತೋಟಕ್ಕೆ ಇಳಿಯಿರಿ.

ಓದಿದ್ದು ನಿಜ, 2019ರಲ್ಲಿ ಪ್ರಕಟವಾಯಿತು. ನಮಗೆ 23 ಜೊತೆ ಕ್ರೋಮೋಸೋಮ್ ಇದ್ದರೆ ಇದಕ್ಕೆ 31 ಜೊತೆ. ಸುಮಾರು 7 ಕೋಟಿ ವರ್ಷದ ಹಿಂದೆ ಇದರ ಪೂರ್ವಜರಲ್ಲಿ ಇಡೀ ಜೀನೋಮ್ ಒಮ್ಮೆಲೇ ದುಪ್ಪಟ್ಟಾಗಿತ್ತು ಅಂತ ಆಮೇಲೆ ಗೊತ್ತಾಯಿತು. ಯುರೋಪಿನ ತೋಟಗಳನ್ನು ಬೋಳಿಸುವ ಚಿಪ್ಪಿಲ್ಲದ ಸ್ಪ್ಯಾನಿಷ್ ಹುಳುವಿನ ಜೀನೋಮನ್ನು 2022ರಲ್ಲಿ ಓದಿದಾಗ ಅದರಲ್ಲೂ ಇಂಥದೇ ಗುರುತು ಸಿಕ್ಕಿತು. ದುಪ್ಪಟ್ಟಾದರೆ ಪ್ರತಿ ಜೀನ್‌ಗೂ ಎರಡು ಪ್ರತಿ, ಒಂದು ಹಳೇ ಕೆಲಸ ನೋಡಿಕೊಂಡರೆ ಇನ್ನೊಂದಕ್ಕೆ ಹೊಸ ಕೆಲಸ ಕಲಿಯಲು ಬಿಡುವು. ನೆಲದ ಮೇಲೆ ಉಸಿರಾಡಲು, ಒಣಗಾಲದಲ್ಲಿ ಮಲಗಲು ಇದೇ ನೆರವಾಯಿತು ಅನ್ನುತ್ತಾರೆ. ಆ ನಿದ್ದೆ ನೀವೂ ನೋಡಿರುತ್ತೀರಿ. ಮಾರ್ಚಿನಲ್ಲಿ ಕಲ್ಲುಕಟ್ಟೆ ಸಂದಿಯಲ್ಲಿ ಶಂಖ ಸಿಗುತ್ತದೆ, ಬಾಯಿಗೆ ಒಣಗಿದ ಗಂಜಿಯ ಕೆನೆಯಂಥ ಬಿಳಿ ಪೊರೆ. ಸತ್ತಿದೆ ಅಂತ ಸುಮ್ನೆ ಎಸೆಯುತ್ತೇವೆ. ಮೊದಲ ಮಳೆಗೆ ಎದ್ದು ಬರುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಹಲವು ದೇಶಗಳ ಹುಳುಗಳ ಡಿಎನ್‌ಎ ಹೋಲಿಸಿದಾಗ, ಆಫ್ರಿಕಾದ ಆಚೆ ಹೆಚ್ಚಿನ ಕಡೆ ಒಂದೇ ತಾಯಿಬೇರು ಕಂಡಿತು. ಅಂದರೆ ಹೊರಗೆ ಬಂದದ್ದು ಬೆರಳೆಣಿಕೆಯಷ್ಟು, ತುಂಬಿಸಿದ್ದು ಅರ್ಧ ಪ್ರಪಂಚ. ನಮ್ಮ ದೇಶಕ್ಕೆ 1847ರಲ್ಲಿ ಬೆನ್ಸನ್ ಎಂಬ ಚಿಪ್ಪು ಸಂಗ್ರಾಹಕ ಮಾರಿಷಸ್‌ನಿಂದ ತಂದ. ಕಲ್ಕತ್ತೆಯ ಚೌರಂಗಿಯ ತೋಟವೊಂದರಿಂದ ಹಬ್ಬಿತು. 1966ರಲ್ಲಿ ಅಮೆರಿಕದ ಮಿಯಾಮಿಗೆ ಒಬ್ಬ ಹುಡುಗ ತಂದದ್ದು ಮೂರೇ ಹುಳು. ಏಳು ವರ್ಷಕ್ಕೆ ಅಲ್ಲಿ 18,000ಕ್ಕೂ ಜಾಸ್ತಿ ಸಿಕ್ಕವು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಮ್ಮೆ ಕೂಡಿದರೆ ವೀರ್ಯ ತಿಂಗಳುಗಟ್ಟಲೆ ಉಳಿಸಿಕೊಂಡು ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಹಾಗಾಗಿ ನಿಮ್ಮ ನಾಲ್ಕು ಕಡಿಮೆ ಅಲ್ಲ.

ನಮ್ಮ ತೋಟಕ್ಕೆ ಬಂದದ್ದು ಮೆಣಸಿನ ಸಸಿ ಜೊತೆ. ತೊಟ್ಟೆ ಹರಿದು ನೆಡುವಾಗ ಬೇರಿನ ಮಣ್ಣಲ್ಲಿ ಸಬ್ಬಕ್ಕಿಯಂಥ ಕಾಳುಗಳ ಗೊಂಚಲು ಇತ್ತು. ಯಾವುದೋ ಗೊಬ್ಬರದ ಕಾಳು ಅಂದುಕೊಂಡು ಮಣ್ಣು ಮುಚ್ಚಿದೆ. ಮೊಟ್ಟೆ ಅವು. ಮೂರು ಮಳೆಗಾಲ ಆರಿಸುತ್ತಲೇ ಇದ್ದೇವೆ.

ನೀವು ಹೀಗೆ ಮಾಡಿ. ಸಂಜೆ ಗೋಣಿಚೀಲ ನೆನೆಸಿ ಗುಂಡಿ ಸುತ್ತ ಹಾಸಿ, ಅಡಿಗೆ ಪಪ್ಪಾಯ ಎಲೆ, ಎಲೆಕೋಸಿನ ಸಿಪ್ಪೆ ಇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಎತ್ತಿದರೆ ಅಡಿಯಲ್ಲೇ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಇಲಿಯ ಶ್ವಾಸಕೋಶದಲ್ಲಿ ಬೆಳೆಯುವ, ಮನುಷ್ಯರ ಮಿದುಳಿಗೆ ಹತ್ತುವ ಜಂತು ಇದರಲ್ಲಿರಬಹುದು. ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ತೋಟದ ಆಚೆ ಆಳವಾಗಿ ಹೂಳಿ. ಗಿಡದ ಬುಡಕ್ಕೆ ಉಪ್ಪು ಎರಚಬೇಡಿ, ಮಣ್ಣು ಕೆಡುತ್ತದೆ. ಶಂಖದ ಹುಳು ಕೊಲ್ಲುವ ವಿಷ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಜೀವಕ್ಕೇ ಅಪಾಯ. ಮನೆ ಹತ್ತಿರ ನಾನಂತೂ ಹಾಕುವುದಿಲ್ಲ.

ಗುಂಡಿಯ ಅಂಚಿನ ಮಣ್ಣನ್ನೂ ಒಂದು ಗೇಣು ಕೆದಕಿ ನೋಡಿ, ಮೊಟ್ಟೆ ಸಿಕ್ಕರೆ ಜಜ್ಜಿ ಹಾಕಿ. ಆ ಗೊಬ್ಬರವನ್ನು ಈ ಮಳೆಗಾಲ ಮುಗಿಯುವವರೆಗೆ ಯಾರಿಗೂ ಕೊಡಬೇಡಿ.