ಓದುಗರ ಪ್ರಶ್ನೆ: ಬಾಣಂತನದ ಖಿನ್ನತೆಯನ್ನು ಫೇಸ್‌ಬುಕ್‌ನಲ್ಲಿ ಬರೆಯಬಹುದೇ?

ಪ್ರಶ್ನೆ: ಮೇಡಂ, ನಾನು ಪ್ರೌಢಶಾಲಾ ಶಿಕ್ಷಕಿ. ಎರಡನೆಯ ಹೆರಿಗೆಯ ನಂತರ ಸುಮಾರು ಎಂಟು ತಿಂಗಳು ನಾನು ನಾನಾಗಿರಲಿಲ್ಲ. ಮಗು ಅತ್ತರೆ ಎದೆ ಝಲ್ಲೆನ್ನುತ್ತಿತ್ತು, ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ. ತವರಿನಲ್ಲಿ ದೃಷ್ಟಿಯಾಗಿದೆ ಎಂದರು, ಅತ್ತೆಯವರು ಸನ್ನಿ ಎಂದರು. ಕೊನೆಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಇದು ಖಿನ್ನತೆ ಎಂದು ಹೇಳಿ ಚಿಕಿತ್ಸೆ ಆರಂಭಿಸಿದರು. ಈಗ ಚೆನ್ನಾಗಿದ್ದೇನೆ, ಮಾತ್ರೆ ಇನ್ನೂ ನಡೆಯುತ್ತಿದೆ. ಇದನ್ನೆಲ್ಲ ಫೇಸ್‌ಬುಕ್‌ನಲ್ಲಿ ಬರೆದರೆ ನನ್ನಂಥ ನಾಲ್ವರಿಗೆ ಧೈರ್ಯ ಬಂದೀತು ಎಂಬ ಆಸೆ. ನನ್ನ ಯಜಮಾನರು ಮಾತ್ರ, ನಿನ್ನ ತಂಗಿಗೆ ಗಂಡು ನೋಡುತ್ತಿದ್ದಾರೆ, ಈಗ ಬೇಡ ಎನ್ನುತ್ತಾರೆ. ಬರೆದಿಟ್ಟದ್ದನ್ನು ಇದರೊಂದಿಗೆ ಕಳುಹಿಸಿದ್ದೇನೆ. ಹಾಕಲೇ, ಬಿಡಲೇ?

ಉತ್ತರ: ಮೊದಲಿಗೆ ಒಂದು ಮಾತು. ನಿಮ್ಮ ಪತ್ರದಲ್ಲಿದ್ದ ಊರು, ಶಾಲೆ, ಕಲಿಸುವ ವಿಷಯ ಮೂರನ್ನೂ ನಾನು ತೆಗೆದುಹಾಕಿದ್ದೇನೆ. ಹೆಸರು ಬೇಡವೆಂದು ನೀವು ಕೇಳಿಕೊಂಡಿದ್ದಿರಿ, ಆದರೆ ಆ ಮೂರೂ ಉಳಿದಿದ್ದರೆ ಹೆಸರಿನ ಅಗತ್ಯವೇ ಇರುತ್ತಿರಲಿಲ್ಲ; ನಿಮ್ಮ ತಾಲ್ಲೂಕಿನಲ್ಲಿ ಈ ಪುಟ ಓದುವ ಯಾರಾದರೂ ಎರಡು ನಿಮಿಷದಲ್ಲಿ ನಿಮ್ಮನ್ನು ಗುರುತಿಸುತ್ತಿದ್ದರು.

ನೀವು ಬರೆಯಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಈಗ ಬರೆದಿಟ್ಟಿರುವುದನ್ನು ಹಾಗೆಯೇ ಹಾಕಬೇಡಿ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಪಡೆಯದೆ ಉಳಿದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇತ್ತು. ಹೀಗಿರುವಾಗ, ಜಿಲ್ಲಾ ಆಸ್ಪತ್ರೆಗೆ ಹೋದೆ, ಚೀಟಿ ಮಾಡಿಸಿದೆ, ಸರದಿಯಲ್ಲಿ ಕೂತೆ, ಗುಣವಾದೆ ಎಂದು ಒಬ್ಬ ಶಿಕ್ಷಕಿ ಕನ್ನಡದಲ್ಲಿ ಬರೆದರೆ ಅದು ಎಷ್ಟೋ ಭಿತ್ತಿಪತ್ರಗಳು ಮಾಡಲಾಗದ ಕೆಲಸವನ್ನು ಮಾಡುತ್ತದೆ. ಅದರಲ್ಲಿಯೂ ‘ಸನ್ನಿ’ ಎಂಬ ಮಾತನ್ನು ನೀವು ಬಿಡಿಸಿ ಹೇಳಬಹುದು. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದು ಬಹುಮಟ್ಟಿಗೆ, ಹೆರಿಗೆಯಾದ ಮೊದಲ ಕೆಲವು ದಿನ ಅಥವಾ ವಾರಗಳಲ್ಲಿ ಏಕಾಏಕಿ ಕಾಣಿಸಿಕೊಂಡು, ನಿದ್ದೆ ಹೋಗಿ, ಇಲ್ಲದ್ದು ಕಾಣುವ ಕೇಳುವ ತೀವ್ರ ಕಾಯಿಲೆಗೆ. ಅದಕ್ಕೆ ತಡಮಾಡದೆ ಆಸ್ಪತ್ರೆ ಬೇಕು. ನಿಮ್ಮದು ನಿಧಾನವಾಗಿ ಕವಿದುಕೊಂಡ ಖಿನ್ನತೆ. ಎರಡಕ್ಕೂ ಚಿಕಿತ್ಸೆಯಿದೆ. ತಾಯಿಯನ್ನು ಮಗುವಿನಿಂದ ಬೇರೆ ಮಾಡದೆ ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವೇ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ ಎಂಬುದು ಬೆಂಗಳೂರಿನಲ್ಲಿರುವವರಿಗೂ ಸರಿಯಾಗಿ ತಿಳಿದಿಲ್ಲ. ಆ ಆಸ್ಪತ್ರೆಯ ಹೆಸರನ್ನು ನಾವು ಬೈಗುಳವಾಗಿ ಬಳಸಿದಷ್ಟು ವಿಳಾಸವಾಗಿ ಬಳಸಲಿಲ್ಲ.

ಇನ್ನು ನಿಮ್ಮ ಯಜಮಾನರ ಮಾತು. ಅದನ್ನು ಹಳೆಯ ಕಾಲದ ಅಂಜಿಕೆ ಎಂದು ತಳ್ಳಿಹಾಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳನ್ನು ಗುಟ್ಟಾಗಿಡುವ ಹಕ್ಕನ್ನು ನಿಮಗೆ ಕೊಟ್ಟಿದೆ. ಕಾನೂನು ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ ವೈದ್ಯರು, ದಾದಿಯರು ಅದನ್ನು ಹೊರಗೆ ಆಡುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಈ ಕಾವಲೆಲ್ಲ ಬೇರೆಯವರ ಬಾಯಿಗೆ. ನೀವೇ ಸಾವಿರ ಜನರ ಮುಂದೆ ಹೇಳಿದ ಮಾತು ಒಮ್ಮೆ ಸ್ಕ್ರೀನ್‌ಶಾಟ್ ಆಗಿ ಊರಿನ ಗ್ರೂಪಿಗೆ ಹೋಯಿತೆಂದರೆ, ಮೂಲ ಪೋಸ್ಟ್ ಅಳಿಸಿದರೂ ಅದು ಅಳಿಯುವುದಿಲ್ಲ. ಆದ್ದರಿಂದ ತಂಗಿಯನ್ನೇ ಕೇಳಿ. ಗಂಡಿನ ಕಡೆಯವರು ಏನೆಂದಾರು ಎಂಬುದಕ್ಕಿಂತ ಆಕೆ ಏನೆನ್ನುತ್ತಾಳೆ ಎಂಬುದು ಮುಖ್ಯ. ಇದನ್ನು ತಿಳಿದು ಹಿಂದೆ ಸರಿಯುವ ಮನೆ ನನಗೂ ಬೇಡ ಎಂದು ಆಕೆ ಹೇಳಿಯಾಳು. ಆರು ತಿಂಗಳು ತಡಿ ಅಕ್ಕ ಎಂದೂ ಹೇಳಿಯಾಳು. ಎರಡನ್ನೂ ಒಪ್ಪಿಕೊಳ್ಳಿ. ಕಾಯಿಲೆ ನಾಚಿಕೆಪಡುವಂಥದ್ದಲ್ಲ, ನಿಜ, ಆದರೆ ನಿಮ್ಮ ಧೈರ್ಯದ ಬೆಲೆಯನ್ನು ಕೇಳದೆಯೇ ಇನ್ನೊಬ್ಬರ ಕೈಯಿಂದ ಕೊಡಿಸುವುದು ಸರಿಯಲ್ಲ.

ನಿಮ್ಮ ಬರಹದಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕಿದ ಜಾಗಗಳು ಇವು. ಆಸ್ಪತ್ರೆಯ ಚೀಟಿಯ ಫೋಟೊ ಹಾಕಿ ಹೆಸರಿನ ಮೇಲೆ ಬೆರಳಿಟ್ಟಿದ್ದೀರಿ. ಆದರೆ ಹೊರರೋಗಿ ಸಂಖ್ಯೆ, ತಾರೀಖು, ವೈದ್ಯರ ಮೊಹರು, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿವೆ. ನಿಮ್ಮ ಗುಟ್ಟಿನ ಮಾತು ಹಾಗಿರಲಿ, ಅದನ್ನು ನೋಡಿದ ಇನ್ನೊಬ್ಬ ಬಾಣಂತಿ ಅದೇ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ? ಮಗುವಿಗೆ ಹಾಲೂಡಿಸುವವರಿಗೆ ಯಾವ ಔಷಧ, ಎಷ್ಟು ಎಂಬುದನ್ನು ವೈದ್ಯರು ಒಬ್ಬೊಬ್ಬರಿಗೂ ಬೇರೆಯಾಗಿ ತೂಗಿ ನೋಡುತ್ತಾರೆ. ಫೋಟೊ ತೆಗೆದುಬಿಡಿ; ವೈದ್ಯರು ಮಾತ್ರೆ ಕೊಟ್ಟರು, ಪರಿಣಾಮ ಕಾಣಲು ಕೆಲವು ವಾರ ಹಿಡಿಯಿತು, ಅವರು ಹೇಳದೆ ನಿಲ್ಲಿಸಿಲ್ಲ ಎಂದಷ್ಟೇ ಬರೆದರೆ ಸಾಕು.

ಎರಡನೆಯ ಗುರುತು ಅತ್ತೆಯವರ ವಿಷಯಕ್ಕೆ. ‘ಅವರು ಒಂದು ದಿನವೂ ಮಗುವನ್ನು ಎತ್ತಿಕೊಳ್ಳಲಿಲ್ಲ’ ಎಂದು ಬರೆದಿದ್ದೀರಿ. ಅದು ಸತ್ಯವೇ ಇರಬಹುದು, ಆದರೆ ಅವರಿಗೆ ಅಲ್ಲಿ ಉತ್ತರ ಕೊಡಲು ಜಾಗವಿಲ್ಲ, ಮತ್ತು ಆ ಒಂದು ಸಾಲು ಇದ್ದರೆ ಜನ ನಿಮ್ಮ ಖಿನ್ನತೆಯನ್ನು ಬಿಟ್ಟು ಅತ್ತೆ-ಸೊಸೆಯ ಜಗಳವನ್ನೇ ಓದುತ್ತಾರೆ. ಮೂರನೆಯದು ಮಗು. ಮಗುವಿನ ಮೇಲೆ ನಿಮಗೆ ಬಂದ ಯೋಚನೆಗಳನ್ನು ಬಿಚ್ಚಿಟ್ಟಿದ್ದೀರಿ. ಅಂಥ ಯೋಚನೆಗಳು ಎಷ್ಟೋ ತಾಯಂದಿರಿಗೆ ಬರುತ್ತವೆ ಎಂಬುದು ನಮಗೆ ಗೊತ್ತು, ನಿಮ್ಮ ವೈದ್ಯರಿಗೂ ಗೊತ್ತು. ಆದರೆ ಆ ಮಗು ಹದಿನಾಲ್ಕು ವರ್ಷದವಳಾದಾಗ ಅದನ್ನು ಮೊಬೈಲಿನಲ್ಲಿ ಓದುವುದಕ್ಕಿಂತ ನಿಮ್ಮ ಬಾಯಿಂದ ಕೇಳುವುದು ಮೇಲು. ಕೊನೆಯದಾಗಿ ಆ ಕೆಟ್ಟ ರಾತ್ರಿಯ ವರ್ಣನೆ. ಬದುಕು ಬೇಡವೆನಿಸಿತ್ತು ಎಂದು ಹೇಳಬಹುದು, ಹೇಳಬೇಕು. ಎಲ್ಲಿ ಹೋಗಿ ನಿಂತೆ, ಏನು ಮಾಡಲು ಹೊರಟೆ ಎಂಬ ವಿವರ ಮಾತ್ರ ಬೇಡ, ಏಕೆಂದರೆ ಅದೇ ಸ್ಥಿತಿಯಲ್ಲಿರುವ ಓದುಗರಿಗೆ ಆ ವಿವರ ದಾರಿಯಂತೆ ಕಂಡೀತು. ಆ ರಾತ್ರಿ ಯಾರನ್ನು ಎಬ್ಬಿಸಿದಿರಿ, ಅವರು ಏನು ಮಾಡಿದರು ಎಂಬುದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿ ಒಂದು ಪುಟ ಬರೆಯಿರಿ.

ಭಾಷೆಯ ಬಗ್ಗೆ ಹೇಳುವುದಾದರೆ, ಮಧ್ಯದಲ್ಲಿ ಇಂಟರ್ನೆಟ್ಟಿನಿಂದ ತೆಗೆದ ವೈದ್ಯಕೀಯ ಪದಗಳು ಬಹಳವಿವೆ. ‘ಎತ್ತಿಕೊಳ್ಳಲು ಕೈ ಬರುತ್ತಿರಲಿಲ್ಲ’ ಎಂದು ನನಗೆ ಪತ್ರದಲ್ಲಿ ಬರೆದಿರಲ್ಲ, ಆ ಸಾಲು ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ.

ತಿದ್ದಿದ ಮೇಲೆ ನೇರ ಫೇಸ್‌ಬುಕ್‌ಗೆ ಹಾಕದೆ ನಂಬಿಕೆಯ ಇಬ್ಬರಿಗೆ ಓದಲು ಕೊಡಿ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ನೀನು ಹೀಗೆ ಬರೆದಿದ್ದೆಯಂತಲ್ಲ ಎಂದು ಒಂದು ವಾಕ್ಯವನ್ನು ಎತ್ತಿ ಆಡಿದರೆ ನೀವು ಊಟ ಮುಂದುವರಿಸಬಲ್ಲಿರಾ ಎಂದು ಪ್ರತಿ ವಾಕ್ಯಕ್ಕೂ ಕೇಳಿಕೊಳ್ಳಿ. ನಿಮ್ಮ ಖಾತೆಯಲ್ಲಿ ವಿದ್ಯಾರ್ಥಿಗಳ ಪೋಷಕರೂ ಇದ್ದಾರೆ; ಪೋಸ್ಟ್ ಯಾರಿಗೆ ಕಾಣಬೇಕೆಂದು ಆರಿಸುವ ಅವಕಾಶ ಬರೆಯುವ ಜಾಗದಲ್ಲಿಯೇ ಇರುತ್ತದೆ, ಅದನ್ನು ‘ಪಬ್ಲಿಕ್’ ಎಂದು ಬಿಡಬೇಡಿ. ರಾತ್ರಿ ಹಾಕಬೇಡಿ. ರಜೆಯ ದಿನ ಬೆಳಿಗ್ಗೆ, ಮನೆಯಲ್ಲಿ ಯಾರಾದರೂ ಇರುವಾಗ ಹಾಕಿ. ಲೈಕು ಬರಲಿಲ್ಲವೆಂದು, ಇಲ್ಲವೇ ಯಾರೋ ಕುಹಕವಾಡಿದರೆಂದು ಒಬ್ಬರೇ ಕೂತು ಕೊರಗುವಂತಾಗಬಾರದು. ವರ್ಷದ ನಂತರ ಅದೇ ದಿನ ಫೇಸ್‌ಬುಕ್ ಆ ಪೋಸ್ಟನ್ನು ‘ಮೆಮೊರೀಸ್’ ಎಂದು ಎದುರಿಗೆ ತಂದಿಡುತ್ತದೆ. ಬೇಡವಾದರೆ ಆ ದಿನಾಂಕವನ್ನು ಮರೆಮಾಡಬಹುದು.

ಇನ್ನೊಂದಕ್ಕೆ ಸಿದ್ಧವಾಗಿರಿ: ಇನ್‌ಬಾಕ್ಸಿಗೆ ಅಪರಿಚಿತ ತಾಯಂದಿರು ಬರೆಯುತ್ತಾರೆ, ಕೆಲವರು ನಡುರಾತ್ರಿಯಲ್ಲಿ. ನೀವು ಅವರಿಗೆ ಅಕ್ಕ ಆಗಬಹುದು, ವೈದ್ಯೆ ಆಗಲಾರಿರಿ. ಪೋಸ್ಟಿನ ಕೊನೆಯಲ್ಲಿ ಟೆಲಿ ಮನಸ್ ಸಹಾಯವಾಣಿ 14416 ಎಂದು ಬರೆಯಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸರ್ಕಾರಿ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ಹಾಸ್ಟೆಲಿನಲ್ಲಿರುವ ಪದವಿ ವಿದ್ಯಾರ್ಥಿ ನಾನು. ಕಳೆದ ತಿಂಗಳು ರಾತ್ರಿ ಒಂದು ಗಂಟೆಗೆ ಸಹಪಾಠಿಯ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ‘ಎಲ್ಲರೂ ಕ್ಷಮಿಸಿ, ಇನ್ನು ಯಾರಿಗೂ ತೊಂದರೆ ಕೊಡಲ್ಲ’ ಎಂದಿತ್ತು. ನಾಟಕ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಅವನು ಕ್ಲಾಸಿಗೆ ಬಂದಿದ್ದ, ಆದರೂ ನನಗೆ ಅಂದಿನಿಂದ ಸಮಾಧಾನವಿಲ್ಲ. ಪೊಲೀಸರಿಗೆ ಹೇಳಿದ್ದರೆ ಅವನ ಮೇಲೆ ಕೇಸ್ ಆಗುತ್ತಿತ್ತೇ?

ಉತ್ತರ: ನಾಟಕವೋ ನಿಜವೋ ಎಂದು ಸ್ಟೇಟಸ್ ನೋಡಿ ತೀರ್ಮಾನಿಸಲು ಯಾರಿಗೂ ಸಾಧ್ಯವಿಲ್ಲ, ನನಗೂ ಸಾಧ್ಯವಿಲ್ಲ. ಅಂಥ ಮಾತು ಕಂಡ ಕೂಡಲೇ ಮೆಸೇಜ್ ಮಾಡದೆ ಫೋನ್ ಮಾಡಿ. ಎತ್ತದಿದ್ದರೆ ರೂಮಿಗೆ ಹೋಗಿ, ವಾರ್ಡನ್ನರನ್ನು ಎಬ್ಬಿಸಿ, ಮನೆಯವರಿಗೆ ತಿಳಿಸಿ, ಎಲ್ಲಿದ್ದಾನೆಂದು ಗೊತ್ತಾಗದಿದ್ದರೆ 112ಕ್ಕೆ ಕರೆ ಮಾಡಿ. ಸಿಕ್ಕ ಮೇಲೆ, ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಕೇಳಿದ್ದರಿಂದ ಎದೆ ಹಗುರಾಯಿತು ಎಂದು ಹೇಳಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಒಬ್ಬನನ್ನೇ ಬಿಟ್ಟು ಬರಬೇಡಿ.

ಕೇಸಿನ ಭಯ ಹಳೆಯದು. 2017ರ ಅದೇ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಬೇರೆಯಾಗಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೆಯ ಕಲಮಿನಂಥ ಸಾಮಾನ್ಯ ಅಪರಾಧವೇ ಇಲ್ಲ. ಯೋಚನೆಯನ್ನು ಹೇಳಿಕೊಂಡದ್ದಕ್ಕಂತೂ ಕೇಸಿಲ್ಲ. ಆದರೆ ಆ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಕ್ಲಾಸಿನ ಗ್ರೂಪಿನಲ್ಲಿ ಓಡಾಡಿತು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದನ್ನು ಹಾಕಿದವರಿಂದಲೇ ಅಳಿಸಿಸಿ. ಇಂದು ಸಂಜೆ ಅವನ ಜೊತೆ ಒಂದು ಟೀ ಕುಡಿಯಿರಿ, ಆ ರಾತ್ರಿ ನೋಡಿದ್ದೆ, ಬರಲಿಲ್ಲ, ತಪ್ಪಾಯಿತು ಎಂದು ಹೇಳಿ. ಒಂದು ತಿಂಗಳು ತಡವಾದರೂ ಅದನ್ನು ಹೇಳಬಹುದು.

ಪ್ರಶ್ನೆ: ಬೇರೆ ಹೆಸರಿನ ಇನ್‌ಸ್ಟಾಗ್ರಾಂ ಖಾತೆ ತೆರೆದು ನನ್ನ ಗಾಬರಿ ಕಾಯಿಲೆಯ ಬಗ್ಗೆ ಬರೆಯುತ್ತೇನೆ. ಇದು ಸುರಕ್ಷಿತವೇ? ಒಬ್ಬರು ಮೆಸೇಜ್ ಮಾಡಿ, ತಾವು ಕ್ಲಿನಿಕಲ್ ಸೈಕಾಲಜಿಸ್ಟ್, ಹತ್ತು ದಿನದಲ್ಲಿ ಗುಣಪಡಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ: ಹೆಸರು ಬದಲಾದರೂ ನಿಮ್ಮದೇ ಫೋನ್ ನಂಬರಿನಿಂದ ಖಾತೆ ತೆರೆದಿದ್ದರೆ, ನಿಮ್ಮ ನಂಬರ್ ಇಟ್ಟುಕೊಂಡವರಿಗೆ ಆ್ಯಪ್ ಅದನ್ನು ಸೂಚಿಸುವ ಸಾಧ್ಯತೆಯಿದೆ, ಕಾಂಟ್ಯಾಕ್ಟ್ ಜೋಡಣೆಯನ್ನು, ಖಾತೆ ಸೂಚಿಸುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಕಿಟಕಿಯಾಚೆಯ ದೇವಸ್ಥಾನದ ಗೋಪುರ, ಕಚೇರಿಯ ಐಡಿ ಕಾರ್ಡಿನ ದಾರ, ಇಂಥವು ಫೋಟೊದಲ್ಲಿ ಬೀಳದಂತೆ ನೋಡಿಕೊಳ್ಳಿ. ಆ ಮಹಾಶಯರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಅದು ಇರಬೇಕು. ಹತ್ತು ದಿನದ ಭರವಸೆ ಕೊಡುವವರು ಸಂಖ್ಯೆ ಕೊಡುವುದು ಅಪರೂಪ. ವಿಡಿಯೊ ಕಾಲ್‌ಗೆ, ಮುಂಗಡ ಹಣಕ್ಕೆ ಒಪ್ಪಬೇಡಿ, ಬ್ಲಾಕ್ ಮಾಡಿ. ಈಗಾಗಲೇ ಹಣ ಕೊಟ್ಟಿದ್ದರೆ ಇಂದೇ ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಡಿ.